ಶಾಫ್ಟ್ ಡ್ರೈವ್ ಬೈಕಿನ ಹಿಂದಿನ ಚಕ್ರ ಸ್ವಂತ ಕೈಯಲ್ಲಿ ಬಿಚ್ಚಿ ಹಾಕಿದವರು ಯಾರಾದರೂ ಇದ್ದೀರಾ?

ಇಷ್ಟು ವರ್ಷ ಚೈನ್ ಬೈಕ್ ಓಡಿಸಿದವನು ನಾನು. ಅದರ ಹಿಂದಿನ ಚಕ್ರ ಎಷ್ಟು ಸಲ ಬಿಚ್ಚಿ ಹಾಕಿದ್ದೇನೋ ಲೆಕ್ಕವಿಲ್ಲ. ಈಗ ಕೈಗೆ ಬಂದಿರುವುದು ಹಳೆಯ ಶಾಫ್ಟ್ ಡ್ರೈವ್ ಟೂರರ್, ಅಂದರೆ ಚೈನ್ ಬದಲು ತಿರುಗುವ ದಂಡವೊಂದು ಹಿಂದಿನ ಚಕ್ರ ಓಡಿಸುವ ದೂರಪ್ರಯಾಣದ ಬೈಕ್. ಎಡಗಡೆ ಗೇರ್ ಹೌಸಿಂಗ್ (ದಂಡದ ತಿರುಗುವಿಕೆಯನ್ನು ಚಕ್ರಕ್ಕೆ ಕೊಡುವ ಗೇರುಗಳ ಡಬ್ಬಿ), ಬಲಗಡೆ ಡಿಸ್ಕ್, ಎರಡೂ ಕಡೆ ಸೈಲೆನ್ಸರ್. ಸೆಂಟರ್ ಸ್ಟ್ಯಾಂಡ್ ಇದೆ. ಟೈರ್ ಸವೆದಿದೆ, ಚಕ್ರ ಮಾತ್ರ ಬಿಚ್ಚಿಕೊಂಡು ಟೈರ್ ಅಂಗಡಿಗೆ ಹೋಗೋಣ ಅಂತಿದ್ದೇನೆ. ಆದರೆ ಆ ಹೌಸಿಂಗ್ ನೋಡಿದರೆ ಕೈ ಹಾಕಲು ಭಯ. ಆಯಿಲ್ ಎಲ್ಲ ಸುರಿದುಹೋಗುತ್ತದಾ? ಒಳಗಿನ ಗೇರ್ ಸೆಟ್ಟಿಂಗ್ ಕೆಡುತ್ತದಾ? ಮಾಡಿದವರು ದಯವಿಟ್ಟು ಹೇಳಿ.

* * *

ಮೊದಲು ಆ ಭಯ ಬಿಡಿ ಸರ್. ಆಯಿಲ್ ಸುರಿಯುವುದಿಲ್ಲ, ಕ್ರೌನ್ ಪಿನಿಯನ್, ಅಂದರೆ ಒಳಗಿನ ಜೋಡಿ ಗೇರಿನ ಸೆಟ್ಟಿಂಗ್ ಒಂದು ಕೂದಲೆಳೆಯೂ ಕದಲುವುದಿಲ್ಲ. ಗೇರುಗಳೆಲ್ಲ ಆಯಿಲ್ ಸೀಲಿನ ಹಿಂದೆ ತಮ್ಮ ಪಾಡಿಗೆ ಇರುತ್ತವೆ. ಹೌಸಿಂಗಿಗೂ ಚಕ್ರಕ್ಕೂ ಇರುವ ನಂಟು ಸ್ಪ್ಲೈನ್ ಒಂದೇ. ಚಕ್ರದ ಕಡೆ ಹಲ್ಲಿರುವ ಒಂದು ಬಳೆ, ಹೌಸಿಂಗ್ ಕಡೆ ಅದಕ್ಕೆ ಹೊಂದುವ ಇನ್ನೊಂದು, ಒಂದರೊಳಗೆ ಒಂದು ಜಾರಿ ಕೂರುತ್ತವೆ. ಚೈನ್ ಸಡಿಲ ಮಾಡುವುದು, ಎರಡೂ ಕಡೆ ಗೆರೆ ಎಣಿಸಿ ಚಕ್ರ ನೇರ ಮಾಡುವುದು, ಆ ತಲೆನೋವೇ ಇಲ್ಲ.

ನಾನು ಮಾಡುವುದು ಹೀಗೆ. ಆಕ್ಸಲ್ ನಟ್ಟನ್ನು ಬೈಕ್ ನೆಲದ ಮೇಲೆ ಇರುವಾಗಲೇ ಒಂದು ಸುತ್ತು ಸಡಿಲ ಮಾಡಿಕೊಳ್ಳುತ್ತೇನೆ. ಇದು 100 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿದಿರುವ ನಟ್ಟು. ಸೆಂಟರ್ ಸ್ಟ್ಯಾಂಡಿಗೆ ಏರಿಸಿದ ಮೇಲೆ ಉದ್ದ ಪಾನ ಹಾಕಿ ಜಗ್ಗಿದರೆ ಬೈಕ್ ಸ್ಟ್ಯಾಂಡಿನಿಂದ ಮುಂದಕ್ಕೆ ಹಾರುತ್ತದೆ. ಆಮೇಲೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಒಂದಿಂಚು ದಪ್ಪದ ಹಲಗೆ ಇಟ್ಟು ಏರಿಸಿ, ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲಿಗೆ ರಬ್ಬರ್ ಹಾಕಿ ಬಿಗಿದುಬಿಡಿ. ಹಲಗೆ ಯಾಕೆ ಅಂದರೆ, ಇಂಥ ಬೈಕುಗಳಲ್ಲಿ ಟೈರ್ ದಪ್ಪ, ಮಡ್‌ಗಾರ್ಡ್ ತಗ್ಗು. ಆಕ್ಸಲ್ ತೆಗೆದ ಮೇಲೆ ಚಕ್ರ ಹೊರಗೆ ಬರಲು ಜಾಗ ಸಾಲುವುದಿಲ್ಲ. ಕೆಲವು ಬೈಕುಗಳಲ್ಲಿ ಮಡ್‌ಗಾರ್ಡಿನ ಹಿಂದಿನ ತುಂಡನ್ನೇ ಬಿಚ್ಚಬೇಕು.

ಎಬಿಎಸ್ ಇದ್ದರೆ ಸೆನ್ಸರ್ ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಿ, ಇಲ್ಲದಿದ್ದರೆ ಅದರ ವಯರ್ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕ್ಯಾಲಿಪರ್, ಅಂದರೆ ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕಿನ ಭಾಗ. ಅದನ್ನು ಹೋಸಿನಲ್ಲಿ ನೇತಾಡಲು ಬಿಡಬೇಡಿ, ದಾರ ಹಾಕಿ ಫ್ರೇಮಿಗೆ ಕಟ್ಟಿ. ಆಕ್ಸಲ್ ಹಿಡಿದಿರುವ ಪಿಂಚ್ ಬೋಲ್ಟ್ ಸಡಿಲ ಮಾಡುವುದನ್ನು ಮರೆತು ಸುತ್ತಿಗೆ ಎತ್ತುವವರು ಜಾಸ್ತಿ, ನಾನೂ ಒಮ್ಮೆ ಎತ್ತಿದ್ದೇನೆ. ಆಕ್ಸಲ್ ಎಳೆಯುವಾಗ ಒಂದು ಕೈ ಚಕ್ರದ ಕೆಳಗಿರಲಿ, ಭಾರವೆಲ್ಲ ಆಕ್ಸಲ್ ಮೇಲೆ ಬಿದ್ದರೆ ಅದು ಹಂದಾಡುವುದಿಲ್ಲ. ಬಂತು ಅಂದ ಕೂಡಲೇ ಸ್ಪೇಸರ್ (ಆಕ್ಸಲ್ ಮೇಲೆ ಚಕ್ರದ ಪಕ್ಕ ಅಂತರ ಕಾಯುವ ಬಳೆ) ಎಲ್ಲಿಂದ ಬಿತ್ತು, ಯಾವ ಮುಖ ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ಈಗ ಚಕ್ರವನ್ನು ಬಲಕ್ಕೆ, ಅಂದರೆ ಹೌಸಿಂಗಿನಿಂದ ಆಚೆಗೆ, ಎರಡು ಬೆರಳಷ್ಟು ಜಾರಿಸಿದರೆ ಸ್ಪ್ಲೈನ್ ಬಿಟ್ಟುಕೊಳ್ಳುತ್ತದೆ. ಹೌಸಿಂಗನ್ನು ಸ್ವಿಂಗ್ ಆರ್ಮಿಗೆ (ಹಿಂದಿನ ಚಕ್ರ ಹೊತ್ತ ತೋಳಿಗೆ) ಹಿಡಿದಿರುವ ನಟ್ಟುಗಳಿಗೆ ಮಾತ್ರ ಕೈ ಹಾಕಬೇಡಿ, ಅವು ಈ ಕೆಲಸಕ್ಕೆ ಸಂಬಂಧಪಟ್ಟವಲ್ಲ.

* * *

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಚಕ್ರ ಹೊರಗೆ ಬಂತು ಅಂತ ನೇರ ಟೈರ್ ಅಂಗಡಿಗೆ ಓಡಬೇಡಿ. ಆ ಸ್ಪ್ಲೈನ್ ನೋಡಿ. ನನ್ನ ಪ್ರಕಾರ ಶಾಫ್ಟ್ ಬೈಕಿನ ಚಕ್ರ ಬಿಚ್ಚುವ ಕೆಲಸದಲ್ಲಿ ಮುಖ್ಯವಾದದ್ದು ಆ ಹತ್ತು ನಿಮಿಷವೇ.

ನನ್ನ ಕಥೆ ಕೇಳಿ. ನಾನು ಕೊಂಡಾಗಲೇ ಬೈಕಿಗೆ ವಯಸ್ಸಾಗಿತ್ತು. ನಡುವೆ ಎರಡು ಸಲ ಟೈರ್ ಬದಲಾಗಿದೆ, ಎರಡು ಸಲವೂ ಬೇರೆಯವರ ಕೈಯಲ್ಲಿ. ಶಾಫ್ಟ್ ಅಂದರೆ ಮೇಂಟೆನೆನ್ಸ್ ಇಲ್ಲ ಅಂತ ಎಲ್ಲರೂ ಹೇಳುವುದನ್ನು ನಂಬಿಕೊಂಡು ಸುಮ್ನೆ ಓಡಿಸುತ್ತಿದ್ದೆ. ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಹಿಂದೆ ಒಂದು 'ಟಕ್' ಅನ್ನುವ ಸದ್ದು ಬರುತ್ತಿತ್ತು, ಹಳೇ ಬೈಕು ಅಲ್ವಾ ಅಂತ ಬಿಟ್ಟೆ. ಒಂದು ದಿನ ಏರಿನಲ್ಲಿ ಗೇರ್ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಕೂಗುತ್ತಿದೆ, ಬೈಕ್ ನಿಂತಲ್ಲೇ ನಿಂತಿದೆ. ಕ್ಲಚ್ ಹೋಯಿತು ಅಂತಲೇ ಅಂದುಕೊಂಡಿದ್ದೆ. ಚಕ್ರ ಬಿಚ್ಚಿದರೆ ಒಳಗೆ ಕುಂಕುಮದ ಹಾಗೆ ನುಣ್ಣನೆಯ ಕೆಂಪು ಪುಡಿ, ಹಲ್ಲುಗಳೇ ಇಲ್ಲ. ಬೆರಳಿಟ್ಟು ಸವರಿದರೆ ನುಣುಪಾದ ಅಲೆ ಅಲೆ ಮಾತ್ರ ಸಿಗುತ್ತಿತ್ತು. ಚಕ್ರದ ಕಡೆಯ ಬಳೆ ಬಿಡಿಭಾಗವಾಗಿ ಸಿಕ್ಕಿತು. ಹೌಸಿಂಗ್ ಕಡೆಯದ್ದಕ್ಕೆ ಹೌಸಿಂಗನ್ನೇ ಬಿಚ್ಚಿಸಬೇಕಾಯಿತು.

ಆ ಪುಡಿ ಬೇರೇನಲ್ಲ, ಗ್ರೀಸ್ ಒಣಗಿದ ಮೇಲೆ ಎರಡು ಉಕ್ಕಿನ ಹಲ್ಲುಗಳು ಕಣ್ಣಿಗೆ ಕಾಣದಷ್ಟು ಅಲುಗಾಡಿ ತಿಕ್ಕಿಕೊಂಡು ಉದುರಿಸಿದ ತುಕ್ಕು. ಸ್ಪ್ಲೈನ್ ಇರುವುದು ಹೌಸಿಂಗಿನ ಆಯಿಲಿನ ಹೊರಗೆ. ಒಳಗೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಇದಕ್ಕೆ ತಲುಪುವುದಿಲ್ಲ. ನೀವು ಹಚ್ಚಿದ್ದೇ ಅದಕ್ಕೆ ಗತಿ.

ಹಾಗಾಗಿ ಹಳೆಯ ಗ್ರೀಸನ್ನು ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ ಹಾಕಿ ಪೂರ್ತಿ ತೆಗೆಯಿರಿ. ಸೀಲಿನ ಕಡೆಗೆ ಸುರಿಯಬೇಡಿ, ಬಟ್ಟೆಯಲ್ಲಿ ಅದ್ದಿ ಒರೆಸಿ. ಒಳ್ಳೆಯ ಹಲ್ಲಿನ ತುದಿ ಚಪ್ಪಟೆ ಇರುತ್ತದೆ. ಗರಗಸದ ಹಾಗೆ ಚೂಪಾಗಿದ್ದರೆ, ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಹಚ್ಚಬೇಕಾದದ್ದು ಮಾಲಿಬ್ಡಿನಮ್ ಡೈಸಲ್ಫೈಡ್ (ಚಿಕ್ಕದಾಗಿ 'ಮಾಲಿ') ಜಾಸ್ತಿ ಇರುವ ಪೇಸ್ಟ್. ಹೋಂಡಾದವರ ಮಾಲಿ 60 ಅನ್ನುವ ಪೇಸ್ಟಿನ ಹೆಸರಿನಲ್ಲಿರುವ 60, ಅದರಲ್ಲಿರುವ ಮಾಲಿಯ ಶೇಕಡಾವಾರು. ಅಂಗಡಿಯಲ್ಲಿ 'ಮಾಲಿ ಗ್ರೀಸ್' ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಶೇ. 3ರಷ್ಟೇ ಇರುತ್ತದೆ, ಎರಡೂ ಒಂದೇ ಅಂದುಕೊಳ್ಳಬೇಡಿ. ಸಣ್ಣ ಬ್ರಷ್ಷಿನಲ್ಲಿ ಪ್ರತಿ ಹಲ್ಲಿನ ಎರಡೂ ಬದಿಗೆ ತೆಳುವಾಗಿ ಬಳಿಯಿರಿ. ಗುಡ್ಡೆ ಹಾಕಿದರೆ ಚಕ್ರ ತಿರುಗುವಾಗ ಹೊರಗೆ ಚಿಮ್ಮಿ ರಿಮ್ಮಿಗೆ, ಟೈರಿಗೆ ಹಾರುತ್ತದೆ.

* * *

ಇದಕ್ಕೆ ನನ್ನದೊಂದು ಸಣ್ಣ ತಕರಾರು. ಆ ಪೇಸ್ಟ್ ಎಲ್ಲರಿಗೂ ಸಿಗುವುದಿಲ್ಲ ಅಣ್ಣ. ಅದು ಸಿಗಲಿ ಅಂತ ಕಾಯುತ್ತಾ ಒಣ ಸ್ಪ್ಲೈನನ್ನೇ ಹಾಕಿ ಓಡಿಸುವುದಕ್ಕಿಂತ ಶೇ. 3ರ ಮಾಲಿ ಗ್ರೀಸೇ ವಾಸಿ. ಆದರೆ ಅದಕ್ಕೆ ಪೇಸ್ಟಿನ ತಾಳಿಕೆ ಇರುವುದಿಲ್ಲ. ಹೊಸ ಟೈರ್ ಸವೆಯುವವರೆಗೆ ಕಾಯಬೇಡಿ, ನಡುವೆ ಒಮ್ಮೆ ಬಿಚ್ಚಿ ನೋಡಿ. ನಾನು ಹಾಗೇ ಮಾಡುತ್ತಾ ಬಂದಿದ್ದೇನೆ, ಹಲ್ಲು ಇನ್ನೂ ಚಪ್ಪಟೆಯೇ ಇದೆ. ಮತ್ತೆ, ಸ್ಪ್ಲೈನ್ ಸುತ್ತ ಓ ರಿಂಗ್, ಅಂದರೆ ರಬ್ಬರ್ ಬಳೆ ಇದ್ದರೆ ಅದನ್ನೂ ಬದಲಾಯಿಸಿ. ನೀರು ಒಳಗೆ ಹೋಗದ ಹಾಗೆ, ಗ್ರೀಸ್ ಹೊರಗೆ ಬಾರದ ಹಾಗೆ ತಡೆಯುವುದು ಅದೇ.

* * *

ನಮ್ಮದು ಒಂಟಿ ತೋಳಿನ ಬೈಕ್, ಅಂದರೆ ಹಿಂದಿನ ಚಕ್ರಕ್ಕೆ ಒಂದೇ ಕಡೆ ಹಿಡಿತ, ಬಿಎಂಡಬ್ಲ್ಯು ಆರ್1200ಜಿಎಸ್. ಇದರಲ್ಲಿ ಕಥೆಯೇ ಬೇರೆ. ಆಕ್ಸಲ್ ಎಳೆಯುವುದಿಲ್ಲ, ಸ್ಪ್ಲೈನ್ ಬಿಡಿಸುವುದಿಲ್ಲ, ಕಾರಿನ ಚಕ್ರದ ಹಾಗೆ ಐದು ಬೋಲ್ಟ್ ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. 1980ರಲ್ಲಿ ಬಂದ ಆರ್80 ಜಿ/ಎಸ್ ಕಾಲದಿಂದ ಅವರದ್ದು ಇದೇ ಪದ್ಧತಿ. ಅದರಲ್ಲಿ ಮೂರೇ ಇದ್ದವು.

ಇಷ್ಟು ಸುಲಭ ಇರುವುದರಿಂದಲೇ ಜನ ಎಡವುತ್ತಾರೆ. ಗಟ್ಟಿ ಇರಲಿ ಅಂತ ಪಾನಕ್ಕೆ ಪೈಪ್ ಸಿಕ್ಕಿಸಿ ಬಿಗಿಯುತ್ತಾರೆ. ನನ್ನ ಬೈಕಿಗೆ ಬೇಕಾದದ್ದು 60 ನ್ಯೂಟನ್ ಮೀಟರ್ ಮಾತ್ರ. 2015ರಲ್ಲಿ ಬಿಎಂಡಬ್ಲ್ಯು ಈ ಪೀಳಿಗೆಯ ಬೈಕುಗಳನ್ನು ವಾಪಸ್ ಕರೆಸಿದ್ದು ಇದೇ ವಿಷಯಕ್ಕೆ: ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಚಕ್ರ ಕೂರುವ ಫ್ಲ್ಯಾಂಜ್ ಬಿರುಕು ಬಿಡಬಹುದು ಅಂತ. ಐದನ್ನೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಒಂದು ಬಿಟ್ಟು ಒಂದರಂತೆ, ನಕ್ಷತ್ರ ಬಿಡಿಸುವ ಹಾಗೆ ಬಿಗಿಯುತ್ತಾ ಹೋಗಿ, ಕೊನೆಗೆ ಟಾರ್ಕ್ ರೆಂಚ್, ಅಂದರೆ ಬಿಗಿತ ಅಳೆಯುವ ಪಾನ. ಚಕ್ರ ಕೂರುವ ಮುಖದಲ್ಲಿ ಮಣ್ಣಿನ ಕಣವಾಗಲಿ ಎಣ್ಣೆ ಪಸೆಯಾಗಲಿ ಇರಬಾರದು. ಎರಡು ಕಡೆ ಹಿಡಿತ ಇರುವವರು ಸ್ಪ್ಲೈನಿಗೆ ಗ್ರೀಸ್ ಹಚ್ಚಿ ಅಂತಿದ್ದಾರೆ ಅಂತ ಇಲ್ಲೂ ಬೋಲ್ಟಿಗೆ ಬಳಿಯಬೇಡಿ.

ಚಕ್ರ ಆಚೆ ಇರುವಾಗ ಹೌಸಿಂಗಿನ ಬುಡ ಒಮ್ಮೆ ಒರೆಸಿ ನೋಡಿ. ಎಣ್ಣೆ ಜಿನುಗಿದ್ದರೆ ಸೀಲ್ ಹೋಗುತ್ತಿದೆ ಅಂತ ಅರ್ಥ.

* * *

ಡ್ರಮ್ ಬ್ರೇಕ್ ಇರುವ ಕ್ರೂಸರ್ ಇಟ್ಟುಕೊಂಡವರು ಇದ್ದರೆ ಒಂದು ಮಾತು. ಬ್ರೇಕ್ ರಾಡಿನ ನಟ್ಟು ಬಿಚ್ಚಿದ ತಕ್ಷಣ ಅದರ ಸ್ಪ್ರಿಂಗ್, ಪಿನ್, ನಟ್ಟು ಮೂರನ್ನೂ ಮತ್ತೆ ಆ ರಾಡಿಗೇ ಪೋಣಿಸಿಡಿ, ಕಳೆಯುವುದಿಲ್ಲ. ಟಾರ್ಕ್ ಆರ್ಮ್ ಬೋಲ್ಟ್ ಮರೆತು ಗಾಡಿ ತೆಗೆದರೆ ಮೊದಲ ಬ್ರೇಕಿಗೇ ಡ್ರಮ್ ಪ್ಲೇಟ್ ಗಿರ್ರನೆ ತಿರುಗಿ ರಾಡ್ ಮುರಿಯುತ್ತದೆ. ಆ ಬೋಲ್ಟಿಗೆ ಹಳೇ ಸ್ಪ್ಲಿಟ್ ಪಿನ್ ನೇರ ಮಾಡಿ ಹಾಕಬೇಡಿ, ಹೊಸದು ಹಾಕಿ.

* * *

ಟೈರ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತುಕೊಳ್ಳಿ ಸರ್. ಡಿಸ್ಕ್ ಕೆಳಗೆ ಮಾಡಿ ಚಕ್ರ ಮಲಗಿಸಿ ಮೇಲೆ ಕೂತರೆ ಡಿಸ್ಕ್ ಸೊಟ್ಟ. ಸ್ಪ್ಲೈನ್ ಕೆಳಗೆ ಮಾಡಿ ಉರುಳಿಸಿದರೆ ಹಲ್ಲಿಗೆಲ್ಲ ಮರಳು. ಅದಕ್ಕೆ ನಾನು ಪೇಸ್ಟ್ ಹಚ್ಚುವುದು ಟೈರ್ ಹಾಕಿಸಿಕೊಂಡು ಬಂದ ಮೇಲೆ. ಹೋಗುವಾಗ ಆ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಪೇಸರ್‌ಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗುತ್ತೇನೆ. ಟೈರಿನ ಬಾಣದ ಗುರುತು ಯಾವ ಕಡೆ ಅಂತ ನೀವೇ ತೋರಿಸಿ. ಬೇರಿಂಗಿನೊಳಗೆ ಬೆರಳು ಹಾಕಿ ತಿರುಗಿಸಿ ನೋಡಿ, ಗರಗರ ಅಂದರೆ ಅದನ್ನೂ ಬದಲಾಯಿಸಲು ಇದೇ ಸಮಯ.

* * *

ಕೂರಿಸುವುದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಕಷ್ಟ ಇರುವುದೇ ಅಲ್ಲಿ. ಚಕ್ರದ ಭಾರ ಎತ್ತಿ ಹಿಡಿಯಬೇಕು, ಹಲ್ಲು ಹೊಂದಿಸಬೇಕು, ಸ್ಪೇಸರ್ ಬೀಳದ ಹಾಗೆ ನೋಡಿಕೊಳ್ಳಬೇಕು, ಆಕ್ಸಲ್ ತೂರಿಸಬೇಕು. ಎರಡು ಕೈ ಸಾಲುವುದಿಲ್ಲ. ನಾನು ಬೈಕಿನ ಹಿಂದೆ ನೆಲದ ಮೇಲೆ ಕೂತು ಎರಡೂ ಪಾದ ಟೈರಿನ ಕೆಳಗೆ ತೂರಿಸಿ, ಕಾಲ್ಬೆರಳಿನಿಂದ ಚಕ್ರವನ್ನು ಮೇಲೆ ಕೆಳಗೆ ಆಡಿಸುತ್ತೇನೆ. ಕೈ ಎರಡೂ ಖಾಲಿ. ಗಾಡಿ ಮೊದಲನೇ ಗೇರಿನಲ್ಲಿರಲಿ, ಆಗ ಹೌಸಿಂಗ್ ಕಡೆಯ ಹಲ್ಲು ತಿರುಗದೆ ನಿಲ್ಲುತ್ತದೆ. ಚಕ್ರವನ್ನು ಒಂದಿಷ್ಟೇ ಹಿಂದೆ ಮುಂದೆ ತಿರುಗಿಸುತ್ತಾ ಹೌಸಿಂಗಿನ ಕಡೆಗೆ ಒತ್ತಿದರೆ 'ಚಕ್' ಅಂತ ಒಳಗೆ ಹೋಗುತ್ತದೆ. ಸ್ಪೇಸರಿಗೆ ಒಂದು ಚುಕ್ಕೆ ಗ್ರೀಸ್ ಅಂಟಿಸಿದರೆ ಸೀಲಿನಲ್ಲೇ ಕಚ್ಚಿಕೊಂಡು ಕೂತಿರುತ್ತದೆ. ಆಕ್ಸಲ್ಲಿಗೂ ತೆಳುವಾಗಿ ಗ್ರೀಸ್ ಸವರಿ.

ಒಂದು ತಪ್ಪು ಮಾತ್ರ ಮಾಡಬೇಡಿ, ನಾನು ಮಾಡಿ ಅನುಭವಿಸಿದ್ದೇನೆ. ಚಕ್ರ ಪೂರ್ತಿ ಒಳಗೆ ಹೋಗಿರಲಿಲ್ಲ, ಅರ್ಧ ಇಂಚು ಹೊರಗೇ ಇತ್ತು. ನಟ್ಟು ಬಿಗಿದರೆ ತಾನೇ ಎಳೆದುಕೊಳ್ಳುತ್ತದೆ ಅಂತ ಬಿಗಿದೆ. ಎಳೆದುಕೊಳ್ಳಲಿಲ್ಲ, ಹಲ್ಲಿನ ತುದಿಗೆ ಹಲ್ಲಿನ ತುದಿ ಕೂತು ಮುಖವೆಲ್ಲ ಜಜ್ಜಿಹೋಯಿತು. ಅರ್ಧ ದಿನ ಸಣ್ಣ ಅರದಲ್ಲಿ ಒಂದೊಂದೇ ಹಲ್ಲು ಉಜ್ಜುತ್ತಾ ಕೂತಿದ್ದೆ. ಕೈಯಲ್ಲೇ ಪೂರ್ತಿ ಕೂರಬೇಕು. ಕೂರದಿದ್ದರೆ ಹೊರಗೆ ತೆಗೆದು ಮತ್ತೆ ನೋಡಿ.

ಯಾವುದಾದರೂ ಕಾರಣಕ್ಕೆ ಹೌಸಿಂಗ್ ನಟ್ಟುಗಳನ್ನೂ ಬಿಚ್ಚಿದ್ದರೆ ಅವನ್ನು ಸಡಿಲವಾಗಿಯೇ ಬಿಟ್ಟು, ಮೊದಲು ಆಕ್ಸಲ್ ಬಿಗಿದು, ಆಮೇಲೆ ಅವನ್ನು ಬಿಗಿಯಿರಿ. ಆಗ ಹೌಸಿಂಗ್ ಚಕ್ರಕ್ಕೆ ನೇರವಾಗಿ ತಾನೇ ಹೊಂದಿಕೊಳ್ಳುತ್ತದೆ. ಪಿಂಚ್ ಬೋಲ್ಟ್ ಬಿಗಿಯುವುದು ಎಲ್ಲಕ್ಕಿಂತ ಕೊನೆಗೆ. ಟಾರ್ಕ್ ಎಷ್ಟು ಅನ್ನುವುದಕ್ಕೆ ನಿಮ್ಮ ಬೈಕಿನ ಮ್ಯಾನ್ಯುವಲ್ ನೋಡಿ, ನಮ್ಮ ಯಾರ ಮಾತೂ ಬೇಡ.

* * *

ಕೇಳಿದವನು ನಾನೇ, ವರದಿ ಒಪ್ಪಿಸುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಚ್ಚಲು ಮುಕ್ಕಾಲು ಗಂಟೆ, ಕೂರಿಸಲು ಎರಡು ಗಂಟೆ ಹಿಡಿಯಿತು. ಒಂದು ಹನಿ ಆಯಿಲ್ ಬೀಳಲಿಲ್ಲ. ಸ್ಪ್ಲೈನ್ ಮೇಲೆ ಕೆಂಪು ಪುಡಿ ಆಗಲೇ ಶುರುವಾಗಿತ್ತು, ಹಳೆಯ ಗ್ರೀಸ್ ಗಟ್ಟಿಯಾಗಿ ಬೆಲ್ಲದ ಅಚ್ಚಿನಂತೆ ಅಂಟಿಕೊಂಡಿತ್ತು, ಆದರೆ ಒರೆಸಿದ ಮೇಲೆ ನೋಡಿದರೆ ಹಲ್ಲು ಚಪ್ಪಟೆ ಇದೆ. ಓ ರಿಂಗ್ ಮುಟ್ಟಿದರೆ ಮುರಿಯುವ ಹಾಗಿತ್ತು, ಬದಲಾಯಿಸಿದೆ. ಪಾದದ ಉಪಾಯ ಹೇಳಿದವರಿಗೆ ದೊಡ್ಡ ನಮಸ್ಕಾರ, ಅದಕ್ಕೂ ಮೊದಲು ಒಂದು ಗಂಟೆ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದಾಡಿದ್ದೆ.

ಒಂದೇ ಒಂದು ಗಾಬರಿ. ಎಲ್ಲ ಮುಗಿಸಿ ಗಾಡಿ ಇಳಿಸಿ ಬ್ರೇಕ್ ಪೆಡಲ್ ಒತ್ತಿದರೆ ಕೆಳಗಿನವರೆಗೂ ಹೋಯಿತು, ಬ್ರೇಕೇ ಇಲ್ಲ.

* * *

ಡಿಸ್ಕ್ ತೂರಿಸಲು ಪ್ಯಾಡ್ ಅಗಲಿಸಿದ್ದಿರಲ್ಲ, ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ. ನಿಂತಲ್ಲೇ ಏಳೆಂಟು ಸಲ ಒತ್ತಿ, ಗಟ್ಟಿಯಾಗುತ್ತದೆ. ಗಾಡಿ ಹೊರಡಿಸುವ ಮೊದಲು ನೋಡಿದ್ದು ಒಳ್ಳೆಯದಾಯಿತು.

* * *

ಆರನೇ ಸಲಕ್ಕೆ ಗಟ್ಟಿಯಾಯಿತು ಸರ್. ನಾಳೆ ಬೆಳಿಗ್ಗೆ ನಟ್ಟುಗಳನ್ನೆಲ್ಲ ಇನ್ನೊಮ್ಮೆ ನೋಡಿ, ಒಂದು ಸುತ್ತು ಹೋಗಿ ಬರುತ್ತೇನೆ.