ಪ್ರೊಸೆಸರ್ ವಿನ್ಯಾಸ ಬದಲಾದಾಗ ಮ್ಯಾಕ್ ಕೊಳ್ಳುವವರು ಒಪ್ಪಿದರು, ವಿಂಡೋಸ್ ಕೊಳ್ಳುವವರು ಹಿಂಜರಿದರು: ಏಕೆ?

ಗಣಕಪ್ರಿಯ:

ಆಪಲ್ ಕಂಪನಿಯು ತನ್ನ ಲ್ಯಾಪ್‌ಟಾಪ್‌ಗಳ ಪ್ರೊಸೆಸರನ್ನು 2006ರಿಂದೀಚೆಗೆ ಎರಡು ಸಲ ಬುಡಸಮೇತ ಬದಲಿಸಿದೆ. 2006ರಲ್ಲಿ ಪವರ್‌ಪಿಸಿಯನ್ನು ಬಿಟ್ಟು ಇಂಟೆಲ್‌ಗೆ ಹೋಯಿತು. 2020ರಲ್ಲಿ ಇಂಟೆಲನ್ನೂ ಬಿಟ್ಟು ಆರ್ಮ್ ಎಂಬ ಬೇರೆ ಬಗೆಯ ವಿನ್ಯಾಸವನ್ನು ಆಧರಿಸಿದ ತನ್ನದೇ ಎಂ1 ಚಿಪ್‌ಗೆ ಬಂದಿತು. ಹಳೆಯ ಚಿಪ್‌ಗೆಂದು ಸಿದ್ಧಪಡಿಸಿದ ತಂತ್ರಾಂಶವು ಹೊಸ ಚಿಪ್‌ನಲ್ಲಿ ನೇರವಾಗಿ ನಡೆಯುವುದಿಲ್ಲವಾದ್ದರಿಂದ ಕೊಳ್ಳುವವರು ಹಿಂದೇಟು ಹಾಕಿರಬೇಕೆಂದು ಯಾರಾದರೂ ಊಹಿಸುತ್ತಾರೆ, ಆದರೆ ಹಾಗಾದಂತೆ ಕಾಣುವುದಿಲ್ಲ. ಮೈಕ್ರೋಸಾಫ್ಟ್ ಮಾತ್ರ 2012ರಿಂದಲೂ ಆರ್ಮ್ ಚಿಪ್‌ಗಳ ಮೇಲೆ ವಿಂಡೋಸನ್ನು ಮಾರಲು ಯತ್ನಿಸುತ್ತಲೇ ಇದ್ದರೂ ಅಂಗಡಿಗಳಲ್ಲಿ ಇಂದಿಗೂ ಹೆಚ್ಚಾಗಿ ಇಂಟೆಲ್ ಮತ್ತು ಎಎಂಡಿ ಯಂತ್ರಗಳೇ ಇವೆ. ಇದಕ್ಕೆ ಚಿಪ್‌ನ ಗುಣ ಕಾರಣವೋ, ಮಾರುವವರ ನೀತಿ ಕಾರಣವೋ? ಲೆಕ್ಕಪರಿಶೋಧಕಿಯಾಗಿರುವ ನನ್ನ ತಂಗಿಯು ಸ್ನ್ಯಾಪ್‌ಡ್ರ್ಯಾಗನ್ ಎಂಬ ಆರ್ಮ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿರುವುದರಿಂದ ಪ್ರಶ್ನೆಗೆ ಮನೆಯ ಮಟ್ಟದ ಕಾರಣವೂ ಇದೆ.

ತುಂಗಾತೀರ:

ಸರ್, ಮೊದಲು 2006ರ ಬದಲಾವಣೆಯ ಅಂಕಿಗಳನ್ನು ನೋಡೋಣ. ಆಗಿನ ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಇಂಟೆಲ್‌ಗೆ ಹೋಗುವ ನಿರ್ಧಾರವನ್ನು 2005ರ ಜೂನ್ 6ರಂದು ಪ್ರಕಟಿಸಿದರು, ಮೊದಲ ಯಂತ್ರಗಳು ಬಂದದ್ದು 2006ರ ಜನವರಿಯಲ್ಲಿ. ನಡುವಿನ ಏಳು ತಿಂಗಳು ಯಾರೂ ಹಳೆಯ ಮ್ಯಾಕ್ ಕೊಳ್ಳುವುದಿಲ್ಲವೆಂಬ ಭಯ ಆಗ ವ್ಯಾಪಕವಾಗಿತ್ತು. ಆದರೆ ಸೆಪ್ಟೆಂಬರ್‌ಗೆ ಮುಗಿಯುವ ಆಪಲ್‌ನ ಆರ್ಥಿಕ ವರ್ಷಗಳನ್ನು ಸಾಲಾಗಿ ಇಟ್ಟರೆ, 2005ರಲ್ಲಿ ಸುಮಾರು 45 ಲಕ್ಷ ಮ್ಯಾಕ್‌ಗಳು, 2006ರಲ್ಲಿ 53 ಲಕ್ಷ, 2007ರಲ್ಲಿ 70 ಲಕ್ಷ, 2008ರಲ್ಲಿ 97 ಲಕ್ಷ ಮಾರಾಟವಾದವು. ಲ್ಯಾಪ್‌ಟಾಪ್‌ಗಳನ್ನಷ್ಟೇ ತೆಗೆದುಕೊಂಡರೆ ಚಿತ್ರ ಇನ್ನೂ ಸ್ಪಷ್ಟ: 2005ರಲ್ಲಿ 20 ಲಕ್ಷದಷ್ಟಿದ್ದದ್ದು 2006ರಲ್ಲಿ 28 ಲಕ್ಷ ದಾಟಿತು, ಅದೇ ವರ್ಷ ಡೆಸ್ಕ್‌ಟಾಪ್‌ಗಳ ಮಾರಾಟ ತುಸು ಇಳಿಯಿತು.

ಲ್ಯಾಪ್‌ಟಾಪ್‌ಗಳೇ ಏರಿದ್ದು ಆಕಸ್ಮಿಕವಲ್ಲ. ಪವರ್‌ಪಿಸಿ ಜಿ5 ಚಿಪ್ ಬಿಸಿಯಾಗುತ್ತಿದ್ದ ಬಗೆಗೆ ಅದನ್ನು ತೆಳುವಾದ ಲ್ಯಾಪ್‌ಟಾಪ್‌ನಲ್ಲಿ ಕೂರಿಸಲಾಗದೆ, ಆಪಲ್‌ನ ಪವರ್‌ಬುಕ್ ಲ್ಯಾಪ್‌ಟಾಪ್ ಕೊನೆಯವರೆಗೂ ಹಳೆಯ ಜಿ4 ಚಿಪ್‌ನಲ್ಲೇ 1.67 ಗಿಗಾಹರ್ಟ್ಸ್‌ಗೆ ನಿಂತುಹೋಗಿತ್ತು. ಆದ್ದರಿಂದ ಎರಡು ಕೋರ್‌ಗಳ ಇಂಟೆಲ್ ಚಿಪ್ ಬಂದಾಗ ವ್ಯತ್ಯಾಸವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. 999 ಡಾಲರ್‌ನ ಐಬುಕ್ ಹೋಗಿ ಅದರ ಜಾಗಕ್ಕೆ 1,099 ಡಾಲರ್‌ನ ಮ್ಯಾಕ್‌ಬುಕ್ ಬಂದರೂ, ಅಂದರೆ ಬೆಲೆ ಏರಿದರೂ, ಜನ ಕೊಂಡರು. ಹಳೆಯ ತಂತ್ರಾಂಶಕ್ಕೆ, ಅದರ ಆದೇಶಗಳನ್ನು ಹೊಸ ಚಿಪ್‌ಗೆ ತಿಳಿಯುವಂತೆ ಬದಲಿಸುವ ರೊಸೆಟಾ ಎಂಬ ಅನುವಾದಕ ಇತ್ತು. ಅದರ ಮೂಲಕ ಫೋಟೋಶಾಪ್ ನಿಧಾನವಾಗಿ ಓಡುತ್ತಿದ್ದುದರಿಂದ, 2007ರಲ್ಲಿ ಅಡೋಬಿಯ ಹೊಸ ಆವೃತ್ತಿ ಬರುವವರೆಗೆ ಅದರಲ್ಲಿ ಚಿತ್ರ ತಿದ್ದುವ ವೃತ್ತಿಯವರು ಕಾಯಬೇಕಾಯಿತು. ವಿಂಡೋಸ್‌ನಿಂದ ಬರುವವರಿಗೆ ಮಾತ್ರ ಇನ್ನೊಂದು ಧೈರ್ಯ ಸಿಕ್ಕಿತ್ತು. 2006ರ ಏಪ್ರಿಲ್‌ನಲ್ಲಿ ಬಂದ ಬೂಟ್ ಕ್ಯಾಂಪ್ ಎಂಬ ಆಪಲ್‌ನ ಸೌಲಭ್ಯದಿಂದ, ಮ್ಯಾಕ್ ಒಗ್ಗದಿದ್ದರೆ ಅದೇ ಯಂತ್ರಕ್ಕೆ ವಿಂಡೋಸನ್ನು ಹಾಕಿಕೊಳ್ಳಬಹುದಿತ್ತು. ಇಂಟೆಲ್‌ಗೆ ಹೋಗಿದ್ದರಿಂದ ಹೊಸ ಗ್ರಾಹಕರು ಸಿಕ್ಕಿದ್ದಕ್ಕೆ ವೇಗಕ್ಕಿಂತ ಈ ಧೈರ್ಯವೇ ದೊಡ್ಡ ಕಾರಣವೆಂಬುದು ನನ್ನ ಅಭಿಪ್ರಾಯ.

ಸಿಲಿಕಾನ್ ಚೂರು:

ತುಂಗಾತೀರ ಅವರ ಕೊನೆಯ ಮಾತನ್ನು ಒಪ್ಪಲಾರೆ. ಅದು ನಿಜವಾಗಿದ್ದರೆ 2020ರಲ್ಲಿ ಮಾರಾಟ ಕುಸಿಯಬೇಕಿತ್ತು, ಏಕೆಂದರೆ ಎಂ1 ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಇರಲೇ ಇಲ್ಲ. ಆದರೆ ಮ್ಯಾಕ್‌ಗಳ ವರಮಾನ 2020ರ ಆರ್ಥಿಕ ವರ್ಷದಲ್ಲಿ 2,860 ಕೋಟಿ ಡಾಲರ್ ಇದ್ದದ್ದು 2021ರಲ್ಲಿ 3,520 ಕೋಟಿಗೆ, 2022ರಲ್ಲಿ 4,020 ಕೋಟಿಗೆ ಏರಿತು. ಇದೆಲ್ಲವೂ ಚಿಪ್‌ನ ಪುಣ್ಯವೆಂದು ಹೇಳುವುದೂ ತಪ್ಪಾಗುತ್ತದೆ. ಕೊರೊನಾ ಕಾಲದಲ್ಲಿ ಎಲ್ಲ ಬಗೆಯ ಲ್ಯಾಪ್‌ಟಾಪ್‌ಗಳಿಗೂ ಬೇಡಿಕೆ ಹೆಚ್ಚಿತ್ತು, ಮತ್ತು 2023ರಲ್ಲಿ ಮ್ಯಾಕ್ ವರಮಾನ 2,940 ಕೋಟಿಗೆ ಇಳಿಯಿತು. 2018ರ ನಂತರ ಆಪಲ್ ಯಂತ್ರಗಳ ಸಂಖ್ಯೆಯನ್ನು ಪ್ರಕಟಿಸುವುದನ್ನು ನಿಲ್ಲಿಸಿರುವುದರಿಂದ 2006ರಂತೆ ಲೆಕ್ಕ ಹಾಕಲು ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಬೇರೆ: ಆಪಲ್ ಹಳೆಯದನ್ನು ಅಂಗಡಿಯಿಂದಲೇ ತೆಗೆದುಬಿಡುತ್ತದೆ. 2020ರ ನವೆಂಬರ್‌ನಲ್ಲಿ ಎಂ1 ಮ್ಯಾಕ್‌ಬುಕ್ ಏರ್ ಬಂದಾಗ ಅಮೆರಿಕದಲ್ಲಿ ಬೆಲೆ ಹಿಂದಿನ 999 ಡಾಲರೇ, ಹೊರಗಿನ ರೂಪವೂ ಹಿಂದಿನದೇ, ಮತ್ತು ಆ ಮಾದರಿಯಲ್ಲಿ ಇಂಟೆಲ್ ಚಿಪ್ ಬೇಕೆಂದರೆ ಸಿಗುವಂತಿರಲಿಲ್ಲ. ಅದಕ್ಕೆ ಫ್ಯಾನ್ ಇಲ್ಲದಿದ್ದರೂ ಹಿಂದಿನದಕ್ಕಿಂತ ವೇಗವಾಗಿ ನಡೆಯುತ್ತಿತ್ತು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತಿತ್ತು. ಈ ಸಲದ ಅನುವಾದಕವಾದ ರೊಸೆಟಾ 2 ಬಹುಪಾಲು ಅನುವಾದವನ್ನು ತಂತ್ರಾಂಶ ಸ್ಥಾಪಿಸುವಾಗಲೇ ಮುಗಿಸುತ್ತದೆ. ಅದಲ್ಲದೆ ಇಂಟೆಲ್ ಚಿಪ್‌ಗಳು ಮೆಮೊರಿಗೆ ಬರೆಯುವ ಕ್ರಮವನ್ನೇ ಅನುಸರಿಸುವ ಒಂದು ವ್ಯವಸ್ಥೆಯನ್ನು ಎಂ1ರ ಒಳಗೇ ಇಟ್ಟಿದ್ದರಿಂದ ಅನುವಾದವಾದ ತಂತ್ರಾಂಶವೂ ಚುರುಕಾಗಿ ಓಡಿತು. ಕೊಂಡವರಲ್ಲಿ ಅನೇಕರಿಗೆ ವಿನ್ಯಾಸ ಬದಲಾಗಿದೆ ಎಂಬುದೇ ಗೊತ್ತಾಗಿರಲಾರದು.

ವಿಂಡೋಸ್‌ನಲ್ಲಿ ಇದೆಲ್ಲ ತಲೆಕೆಳಗಾಯಿತು. ಆರ್ಮ್ ಚಿಪ್‌ನೊಂದಿಗೆ 2012ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ನಲ್ಲಿ ಅನುವಾದಕವೇ ಇರಲಿಲ್ಲ. ನೋಡಲು ವಿಂಡೋಸ್, ಆದರೆ ಮನೆಯಲ್ಲಿದ್ದ ಒಂದು ಹಳೆಯ ಪ್ರೋಗ್ರಾಮೂ ಅದರಲ್ಲಿ ನಡೆಯುತ್ತಿರಲಿಲ್ಲ. ಮಾರಾಟವಾಗದ ದಾಸ್ತಾನಿಗಾಗಿ ಮೈಕ್ರೋಸಾಫ್ಟ್ 2013ರಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2024ರ ಜೂನ್‌ನಲ್ಲಿ ಬಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಯಂತ್ರಗಳು ಅವಕ್ಕಿಂತ ಎಷ್ಟೋ ಮೇಲು, ಪ್ರಿಸಂ ಎಂಬ ಅನುವಾದಕವೂ ಚೆನ್ನಾಗಿದೆ. ಆದರೆ ಪಕ್ಕದ ಮೇಜಿನ ಮೇಲೆಯೇ ಅಷ್ಟೇ ಬೆಲೆಗೆ ಇಂಟೆಲ್ ಯಂತ್ರ ಇರುವಾಗ ಸಂದೇಹವಿರುವ ಗ್ರಾಹಕ ಅದನ್ನೇ ಎತ್ತಿಕೊಳ್ಳುತ್ತಾನೆ.

ಜಮಾಖರ್ಚು:

ತಂಗಿಯವರ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಅನುವಾದಕವು ಸಾಮಾನ್ಯ ಪ್ರೋಗ್ರಾಮುಗಳನ್ನು ನಡೆಸುತ್ತದೆಯೇ ಹೊರತು ಡ್ರೈವರ್‌ಗಳನ್ನು, ಅಂದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶವನ್ನು, ನಡೆಸುವುದಿಲ್ಲ. ಅವು ಆರ್ಮ್‌ಗೆಂದೇ ಸಿದ್ಧವಾಗಿರಬೇಕು. ಲೆಕ್ಕಪರಿಶೋಧಕರ ದಿನನಿತ್ಯದ ಕೆಲಸವೆಲ್ಲ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮೇಲೆ ನಿಂತಿದೆ. ಆ ಟೋಕನ್‌ನ ತಯಾರಕರು ಆರ್ಮ್ ವಿಂಡೋಸ್‌ಗೆ ಡ್ರೈವರ್ ಕೊಟ್ಟಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಲಿ, ಆಮೇಲೆ ಕಚೇರಿಯ ಹಳೆಯ ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳನ್ನೂ. ಎರಡಕ್ಕೂ ಸರಿಯಾದ ಉತ್ತರ ಸಿಗುವ ತನಕ ಮುಂಗಡ ಕೊಡುವುದು ಬೇಡ.

ಗಣಕಪ್ರಿಯ:

ಎಲ್ಲರಿಗೂ ಕೃತಜ್ಞತೆಗಳು. ಟೋಕನ್ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂದೇಹವಿದೆ: ಈ ಅನುವಾದಕಗಳು ಎಷ್ಟು ಕಾಲ ಇರುತ್ತವೆ?

ತುಂಗಾತೀರ:

ಮೊದಲ ರೊಸೆಟಾವನ್ನು ಆಪಲ್ ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆಯ 2011ರ ಲಯನ್ ಆವೃತ್ತಿಯಲ್ಲಿ ಕೈಬಿಟ್ಟಿತು, ಅಂದರೆ ಅದರ ಆಯುಷ್ಯ ಐದೂವರೆ ವರ್ಷ. ರೊಸೆಟಾ 2 ಸಂಪೂರ್ಣ ರೂಪದಲ್ಲಿ ಅದೇ ವ್ಯವಸ್ಥೆಯ ಮ್ಯಾಕ್‌ಓಎಸ್ 27 ಆವೃತ್ತಿಯವರೆಗೆ ಮಾತ್ರ ಇರುತ್ತದೆಂದೂ, ಆಮೇಲೆ ಕೆಲವು ಹಳೆಯ ಆಟಗಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸುವುದಾಗಿಯೂ 2025ರ ಜೂನ್‌ನಲ್ಲಿ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಇಂಟೆಲ್ ವಿಂಡೋಸನ್ನೂ ಮಾರುತ್ತಿರುವುದರಿಂದ ಹಳೆಯ ಪ್ರೋಗ್ರಾಮುಗಳಿಗೆ ಅಂಥ ಗಡುವು ಹಾಕುವ ಸ್ಥಿತಿಯಲ್ಲಿಲ್ಲ. ಸಿಲಿಕಾನ್ ಚೂರು ಅವರು ಅಡ್ಡಿಯೆಂದು ಹೇಳಿದ ಪಕ್ಕದ ಮೇಜೇ ಈ ಒಂದು ವಿಷಯದಲ್ಲಿ ತಂಗಿಯವರಿಗೆ ಅನುಕೂಲ.