ಮೈಬಣ್ಣ, ಜಾತಿ ಮತ್ತು ಜಾಹೀರಾತಿನ ಹೆಣ್ಣು

ಪ್ರಶ್ನೆ (ಬಳ್ಳಾರಿ): ನಮ್ಮೂರಿನ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಮೈಬಣ್ಣ ಜಾಹೀರಾತುಗಳಲ್ಲಿ ಕಾಣುವುದೇ ಅಪರೂಪ. ಇದನ್ನು ಅರಿಯಲು ಅಮೆರಿಕದ ಕಪ್ಪು ಸ್ತ್ರೀವಾದ ನೆರವಾದೀತೇ?

ಉತ್ತರ: ಖಂಡಿತ. ಅಮೆರಿಕದ ಕಪ್ಪು ಸ್ತ್ರೀವಾದಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಚರ್ಚಿಸಿದ ಮೊಕದ್ದಮೆಯನ್ನು ನೋಡಿ. ಕಾರು ತಯಾರಿಸುವ ಜನರಲ್ ಮೋಟಾರ್ಸ್ ಕಂಪನಿ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ನೇಮಿಸಿರಲಿಲ್ಲ. ಆದರೂ ಬಿಳಿಯ ಹೆಂಗಸರನ್ನು ನೇಮಿಸಿತ್ತೆಂಬ ಕಾರಣಕ್ಕೆ ಲಿಂಗ ತಾರತಮ್ಯ ನಡೆದಿಲ್ಲವೆಂದು ನ್ಯಾಯಾಲಯ ಹೇಳಿತು. ಜನಾಂಗ ಮತ್ತು ಲಿಂಗ ಎಂಬ ಎರಡು ತಾರತಮ್ಯಗಳು ಸೇರುವ ಕಡೆ ನಿಂತವಳು ಕಾನೂನಿನ ಕಣ್ಣಿಗೇ ಬೀಳಲಿಲ್ಲ.

ಉತ್ತರ (ರಾಯಚೂರು): ಒಪ್ಪುತ್ತೇನೆ ಮೇಡಂ, ಆದರೆ ಜನಾಂಗವೆಂಬ ಪದದ ಜಾಗದಲ್ಲಿ ಜಾತಿಯನ್ನು ಸುಮ್ಮನೆ ಕೂರಿಸಲಾಗದು. 1982ರ ಕಾಯ್ದೆ ನಿಷೇಧಿಸಿದ ದೇವದಾಸಿ ಪದ್ಧತಿ ದಲಿತ ಹೆಣ್ಣಿಗೆ ಅಂಟಿಸಿದ ಕಳಂಕಕ್ಕೆ ಮೈಬಣ್ಣ ಕಾರಣವಲ್ಲ.

ಉತ್ತರ (ಕೊಪ್ಪಳ): 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆಯಿತು. ನಮ್ಮ ವಧು-ವರರ ಅಂಕಣಗಳಲ್ಲಿ ಮಾತ್ರ ಜಾತಿಯ ಪಕ್ಕದಲ್ಲೇ ‘ಬೆಳ್ಳಗಿನ ಹುಡುಗಿ’ ಇನ್ನೂ ಕುಳಿತಿದ್ದಾಳೆ.