ಎಂಟು ತಿಂಗಳು ಅಪ್‌ಡೇಟ್ ಮಾಡದ ಜೆಂಟೂ: ಸರಿ ಮಾಡೋದಾ, ಫಾರ್ಮ್ಯಾಟ್ ಹೊಡೆಯೋದಾ?

ಶಿರಾಗೇಟ್_ಪೆಂಗ್ವಿನ್
ಎಲ್ಲರಿಗೂ ನಮಸ್ಕಾರ. ಮನೆಯ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಜೆಂಟೂ ಇದೆ, ಅದೇ ಪ್ಯಾಕೇಜುಗಳನ್ನು ಸೋರ್ಸ್ ಕೋಡಿನಿಂದ ನಾವೇ ಕಂಪೈಲ್ ಮಾಡಿ ಕಟ್ಟಿಕೊಳ್ಳುವ ಲಿನಕ್ಸ್. 8 ಜಿಬಿ ರ‍್ಯಾಮ್, 8 ಥ್ರೆಡ್. ದಿನಾ ಬೆಳಿಗ್ಗೆ ತುಮಕೂರಿನಿಂದ ಬೆಂಗಳೂರಿಗೆ ರೈಲು ಹಿಡಿದು ರಾತ್ರಿ ವಾಪಸ್ ಬರುವವನಿಗೆ ಕಂಪೈಲ್ ನೋಡುತ್ತ ಕೂರಲು ಟೈಮ್ ಎಲ್ಲಿ, ನಾಳೆ ನಾಳೆ ಅಂತ ಎಂಟು ತಿಂಗಳು ಕಳೆದೇಹೋಯಿತು. ಭಾನುವಾರ ಸಿಂಕ್ ಮಾಡಿ ವರ್ಲ್ಡ್ ಅಪ್‌ಡೇಟ್ (ಇಡೀ ಸಿಸ್ಟಮ್ಮಿನ ಅಪ್‌ಡೇಟ್) ಕೊಟ್ಟೆ. 412 ಪ್ಯಾಕೇಜ್! ಕೆಳಗೆ ಪೈಥಾನ್ ಬಗ್ಗೆ ಒಂದು ಪುಟದಷ್ಟು ಕೆಂಪಕ್ಷರ, ಮುಂದಕ್ಕೆ ಹೋಗಲೇ ಇಲ್ಲ. ಸರಿ ಅಂತ ವೆಬ್‌ಕಿಟ್ (ವೆಬ್ ಪುಟ ತೋರಿಸುವ ದೊಡ್ಡ ಪ್ಯಾಕೇಜ್) ಒಂದನ್ನೇ ಕಟ್ಟಲು ಬಿಟ್ಟರೆ ಮೂರು ಗಂಟೆ ಓಡಿ 'ಕಿಲ್ಡ್' ಅಂತ ನಿಂತಿತು. ಇನ್ನೊಂದು ಸಲ ಶುರು ಮಾಡಿದಾಗ ಕರೆಂಟ್ ಹೋಯಿತು, ಬ್ಯಾಟರಿ ಸತ್ತು ವರ್ಷ ಆಗಿದೆ. ಏನು ಮಾಡಲಿ?

ಹಳೇ_ಟರ್ಮಿನಲ್
ಫಾರ್ಮ್ಯಾಟ್ ಬೇಡ ಕಣಪ್ಪ. 'ಕಿಲ್ಡ್' ಅಂದರೆ ಕೋಡಿನ ತಪ್ಪಲ್ಲ, ರ‍್ಯಾಮ್ ಸಾಲದೆ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೇ ಕಂಪೈಲರನ್ನು ಕೊಂದಿದೆ. ಒಂದೊಂದು ಜಾಬಿಗೆ (ಒಟ್ಟೊಟ್ಟಿಗೆ ಓಡುವ ಕಂಪೈಲ್ ಕೆಲಸ) 2 ಜಿಬಿ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ 8 ಜಿಬಿಗೆ ನಾಲ್ಕೇ ಜಾಬ್. ಎಷ್ಟು ಜಾಬ್ ಅಂತ ಹೇಳುವ ಮೇಕ್‌ಆಪ್ಟ್ಸ್‌ನಲ್ಲಿ 8 ಅಂತ ಹಾಕಿದ್ದೀರಿ ಅಲ್ವಾ? ಪೋರ್ಟೇಜಿನ (ಜೆಂಟೂದ ಪ್ಯಾಕೇಜ್ ಮ್ಯಾನೇಜರ್) ಟೆಂಪ್ ಫೋಲ್ಡರನ್ನು ರ‍್ಯಾಮಿನಲ್ಲಿ ಇಟ್ಟಿದ್ದರೆ ಅದನ್ನೂ ತೆಗೆಯಿರಿ.

ಮೊದಲು ಪೋರ್ಟೇಜನ್ನು ಮಾತ್ರ ಅಪ್‌ಡೇಟ್ ಮಾಡಿ. ಆಮೇಲೆ ಇಸೆಲೆಕ್ಟ್ ನ್ಯೂಸ್ (ಜೆಂಟೂದವರು ಕಳಿಸುವ ಸೂಚನೆಗಳು) ಓದಿ. ನೂರಕ್ಕೆ ತೊಂಬತ್ತು ಜನ ಅದನ್ನು ಓದುವುದೇ ಇಲ್ಲ, ಎಲ್ಲಾ ಮುರಿದ ಮೇಲೆ ಇಲ್ಲಿ ಬಂದು ಕೇಳುತ್ತಾರೆ. ಪ್ರೊಫೈಲ್ (ಸಿಸ್ಟಮ್ಮಿನ ಮೂಲ ಸೆಟ್ಟಿಂಗ್‌ಗಳ ಕಟ್ಟು) 23.0 ಆಗಿದೆಯಾ? ಇನ್ನೂ 17.1ರಲ್ಲಿದ್ದರೆ ಕಥೆಯೇ ಬೇರೆ. ಇನ್ನು ಆ ಪೈಥಾನ್ ಜಗಳ. ಹಿಂದೆ ಯಾವಾಗಲಾದರೂ ಮೇಕ್ ಕಾನ್ಫ್ ಅಥವಾ ಪ್ಯಾಕೇಜ್ ಯೂಸ್ ಎಂಬ ಸೆಟ್ಟಿಂಗ್ ಫೈಲುಗಳಲ್ಲಿ ಪೈಥಾನ್ ಟಾರ್ಗೆಟ್ಸ್ (ಯಾವ ಪೈಥಾನಿಗೆ ಕಟ್ಟಬೇಕು) ಅಂತ ಕೈಯಾರೆ ಬರೆದಿದ್ದೀರಾ ನೋಡಿ. ಪ್ರೊಫೈಲ್ ತಾನಾಗಿ ಹೊಸ ಪೈಥಾನಿಗೆ ಹೋಗುತ್ತೆ, ನಿಮ್ಮ ಸಾಲು ಮಾತ್ರ ಹಳೇದನ್ನೇ ಹಿಡಿದು ಎಳೆಯುತ್ತಿರುತ್ತೆ.

ಕೋಲಾರ_ಕರ್ನಲ್
ಎಲ್ಲವನ್ನೂ ನೀವೇ ಯಾಕೆ ಕಟ್ಟುತ್ತೀರಿ? 2023ರ ಡಿಸೆಂಬರ್ 29ರಿಂದ ಜೆಂಟೂದವರೇ ರೆಡಿ ಬೈನರಿ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಕೊಡುತ್ತಿದ್ದಾರೆ. ಮೇಕ್ ಕಾನ್ಫ್‌ನ ಫೀಚರ್ಸ್‌ನಲ್ಲಿ ಗೆಟ್‌ಬಿನ್‌ಪಿಕೆಜಿ ಸೇರಿಸಿ. ನಿಮ್ಮ ಯೂಸ್ ಫ್ಲ್ಯಾಗ್ (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಬೇಡ ಎನ್ನುವ ಆಯ್ಕೆ) ಅವರದ್ದಕ್ಕೆ ಹೊಂದಿದರೆ ಇಳಿಸಿಕೊಳ್ಳುತ್ತೆ, ಇಲ್ಲದಿದ್ದರೆ ಇಲ್ಲೇ ಕಂಪೈಲ್ ಆಗುತ್ತೆ. ಹಾಗಾಗಿ ಸುಮ್ನೆ ಹಾಕಿಟ್ಟ ಫ್ಲ್ಯಾಗ್ ತೆಗೆದಷ್ಟೂ ಬೈನರಿ ಜಾಸ್ತಿ ಸಿಗುತ್ತೆ. ಕರ್ನಲ್ ಕೂಡ ರೆಡಿ ಇದೆ, ಜೆಂಟೂ ಕರ್ನಲ್ ಬಿನ್. ಹ್ಯಾಂಡಲ್ ನೋಡಿ ನಗಬೇಡಿ, ನಾನೂ ಅದನ್ನೇ ಬಳಸುವುದು.

ಕರೆಂಟ್ ಹೋದರೆ ಪ್ಯಾಕೇಜ್ ಹಾಕುವ ಎಮರ್ಜ್ ಕಮಾಂಡಿಗೆ ರೆಸ್ಯೂಮ್ ಕೊಡಿ, ಪಟ್ಟಿ ನಿಂತಲ್ಲಿಂದ ಮುಂದುವರಿಯುತ್ತೆ. ಆದರೆ ಅರ್ಧ ಆಗಿದ್ದ ಪ್ಯಾಕೇಜ್ ಮೊದಲಿಂದ ಶುರು. ವೆಬ್‌ಕಿಟ್ ಥರದ್ದಕ್ಕೆ ಇದು ನಿಜವಾಗಲೂ ಹೊಟ್ಟೆ ಉರಿಸುತ್ತೆ.

ಬರಿಗೈ_ಬಿಲ್ಡರ್
ಬೈನರಿ ಹಾಕಿಕೊಳ್ಳುವುದಾದರೆ ಜೆಂಟೂ ಯಾಕೆ? ರೆಡಿ ಬೈನರಿಯಲ್ಲೇ ಬರುವ ಡೆಬಿಯನ್ ಲಿನಕ್ಸ್ ಹಾಕಿ ಆರಾಮಾಗಿರಿ.

ಕೋಲಾರ_ಕರ್ನಲ್
ನನಗೆ ಬೇಕಾದ ಹತ್ತು ಪ್ಯಾಕೇಜ್ ನನ್ನ ಫ್ಲ್ಯಾಗಿನಲ್ಲಿ ಕಟ್ಟಿಕೊಳ್ಳುತ್ತೇನೆ. ಉಳಿದ ಸಾವಿರ ಯಾರು ಕಟ್ಟಿದರೇನು ಸ್ವಾಮಿ? ರಾಗಿ ನಮ್ಮದೇ ಆದರೂ ಹಿಟ್ಟು ಮಿಲ್ಲಲ್ಲೇ ಬೀಸಿಸುವುದು.

ಶಿರಾಗೇಟ್_ಪೆಂಗ್ವಿನ್
ಎಲ್ಲರಿಗೂ ಥ್ಯಾಂಕ್ಸ್. ಪ್ರೊಫೈಲ್ 23.0 ಆಗಲೇ ಇತ್ತು. ಮೇಕ್ ಕಾನ್ಫ್‌ನಲ್ಲಿ ಪೈಥಾನ್ 3.11 ಅಂತ ಒಂದು ಸಾಲು ಸಿಕ್ಕಿತು, ಯಾವಾಗ ಯಾಕೆ ಬರೆದೆನೋ ದೇವರಿಗೇ ಗೊತ್ತು. ತೆಗೆದ ತಕ್ಷಣ ಕೆಂಪಕ್ಷರ ಮಾಯ. ಜಾಬ್ ನಾಲ್ಕಕ್ಕೆ ಇಳಿಸಿ, ಬೈನರಿ ಆನ್ ಮಾಡಿ ರಾತ್ರಿ ಬಿಟ್ಟು ಮಲಗಿದೆ. ಪುಣ್ಯಕ್ಕೆ ಕರೆಂಟ್ ಇತ್ತು, ಬೆಳಿಗ್ಗೆ ಹಾಲು ತರುವಷ್ಟರಲ್ಲಿ ಮುಗಿದಿತ್ತು. ಈಗ ಬೇಡದ ಪ್ಯಾಕೇಜ್ ತೆಗೆಯಲು ಡಿಪ್‌ಕ್ಲೀನ್ ಕೊಡಬಹುದಾ?

ಹಳೇ_ಟರ್ಮಿನಲ್
ಅವಸರ ಬೇಡ. ಮೊದಲು ಸೆಟ್ಟಿಂಗ್ ಫೈಲುಗಳ ಹೊಸ ಬದಲಾವಣೆ ತೋರಿಸುವ ಡಿಸ್ಪ್ಯಾಚ್ ಕಾನ್ಫ್ ಓಡಿಸಿ, ಒಂದೊಂದೇ ಬದಲಾವಣೆ ಓದಿ ಒಪ್ಪಿಕೊಳ್ಳಿ. ನಾನು ಒಮ್ಮೆ ಎಲ್ಲದಕ್ಕೂ ಹೂಂ ಅಂದು ಲೊಕೇಲ್ (ಭಾಷೆಯ ಸೆಟ್ಟಿಂಗ್) ಫೈಲಿನಲ್ಲಿದ್ದ ಕನ್ನಡದ ಸಾಲನ್ನೇ ಕಳೆದುಕೊಂಡಿದ್ದೆ. ಆಮೇಲೆ ರೀಬೂಟ್ ಮಾಡಿ, ಹೊಸ ಕರ್ನಲ್ ಸರಿಯಾಗಿ ಏಳುತ್ತಾ ನೋಡಿ. ಅದಾದ ಮೇಲೆ ಡಿಪ್‌ಕ್ಲೀನ್, ಅದೂ ಮೊದಲು ಪ್ರಿಟೆಂಡ್ ಹಾಕಿ, ಏನೂ ಅಳಿಸದೆ ಪಟ್ಟಿ ಮಾತ್ರ ತೋರಿಸುತ್ತೆ. ಹಳೇ ಕರ್ನಲನ್ನೂ ಪಟ್ಟಿಗೆ ಸೇರಿಸಿಬಿಡುತ್ತೆ ಅದು.

ಶಿರಾಗೇಟ್_ಪೆಂಗ್ವಿನ್
ಸೇರಿಸಿತ್ತು! ಈಗಷ್ಟೇ ನೋಡಿದೆ. ಇನ್ನು ವಾರಕ್ಕೊಮ್ಮೆ, ಶನಿವಾರ ರಾತ್ರಿ.